ಹೊಳೆಯೋ, ನಾಲಾವೋ?

ಗೋರೆಗಾಂವ್‌ನಲ್ಲಿ ಒಂದು ನದಿ ಇದೆ ಅಂದರೆ ನೀವು ಊರಿನವರು ಬಿಡಿ, ಇಲ್ಲಿಯವರೇ ಅನೇಕರು ನಂಬುವುದಿಲ್ಲ. ಅದರ ಹೆಸರು ಓಶಿವರಾ. ಆರೇ ಕಾಲನಿಯ ಗುಡ್ಡಗಳಲ್ಲಿ ಹುಟ್ಟಿ, ತಬೇಲಗಳ ಸಗಣಿ ನೀರು, ಕಾರ್ಖಾನೆಗಳ ಕೊಳೆ, ಜೋಪಡಿಗಳ ಕಸ ಎಲ್ಲವನ್ನೂ ಹೊತ್ತುಕೊಂಡು ಮಾಲಾಡ್ ಖಾರಿಯನ್ನು ಸೇರುತ್ತದೆ. ಜನ ಅದನ್ನು 'ನಾಲಾ' ಅನ್ನುತ್ತಾರೆ. ನನ್ನ ಪಕ್ಕದ ಮನೆಯ ಹುಡುಗನಿಗೆ ಗಂಗೆ ಗೊತ್ತು, ನೈಲ್ ಗೊತ್ತು. ದಿನಾ ಶಾಲೆಗೆ ಹೋಗುವಾಗ ದಾಟುವ ನೀರು ನದಿ ಅಂತ ಮಾತ್ರ ಗೊತ್ತಿಲ್ಲ.

ನಮ್ಮ ಕಡೆ ಹೀಗಿಲ್ಲ. ಹೊಳೆ ಅಂದಮೇಲೆ ಅದಕ್ಕೊಂದು ಹುಟ್ಟಿನ ಕಥೆ ಇರಲೇಬೇಕು. ಅಗಸ್ತ್ಯರ ಕಮಂಡಲುವಿನಲ್ಲಿದ್ದ ಕಾವೇರಿಯನ್ನು ಕಾಗೆಯಾಗಿ ಬಂದ ಗಣಪತಿ ಉರುಳಿಸಿ ಹರಿಯಬಿಟ್ಟ. ವರಾಹಸ್ವಾಮಿಯ ಎರಡು ಕೋರೆಗಳಿಂದ ತುಂಗೆ, ಭದ್ರೆ ಇಳಿದು ಬಂದರು. ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಇವತ್ತಿಗೂ ಸಾವಿರಾರು ಜನ ತೀರ್ಥೋದ್ಭವಕ್ಕೆ ಕಾಯುತ್ತಾರೆ. ಕಥೆ ಇರುವ ಹೊಳೆಗೆ ಕಸ ಹಾಕುವ ಮುಂಚೆ ಕೈ ಒಂದು ಕ್ಷಣವಾದರೂ ಹಿಂಜರಿಯುತ್ತದೆ. ಹಾಕುವವರು ಹಾಕುತ್ತಾರೆ, ಆ ಮಾತು ಬೇರೆ.

ಈ ಕಥೆಗಳ ಹಿಂದೆ ಚರಿತ್ರೆ ಇದೆಯೇ? ಈ ಪ್ರಶ್ನೆಯನ್ನು ಜಗತ್ತಿನಲ್ಲೇ ಬಹಳ ಗಂಭೀರವಾಗಿ ಕೇಳಿಕೊಂಡವರು ಚೀನಾದವರು. ಹಳದಿ ನದಿ, ಅಂದರೆ ನಾವು ಶಾಲೆಯಲ್ಲಿ ಓದಿದ ಹ್ವಾಂಗ್ ಹೋ, ಒಮ್ಮೆ ಉಕ್ಕಿ ದೇಶವನ್ನೇ ಮುಳುಗಿಸಿತಂತೆ. ಗುನ್ ಎಂಬಾತನಿಗೆ ಅದನ್ನು ತಡೆಯುವ ಕೆಲಸ ಬಿತ್ತು. ತಾನೇ ತಾನಾಗಿ ಬೆಳೆಯುವ ಮಣ್ಣನ್ನು ದೇವರಿಂದ ಕದ್ದು ತಂದು ಒಡ್ಡು ಹಾಕುತ್ತಾ ಹೋದ. ಒಡ್ಡು ಎತ್ತರವಾದಷ್ಟೂ ನೀರೂ ಎತ್ತರವಾಯಿತು. ಅವನು ಸೋತು ಪ್ರಾಣ ಕಳೆದುಕೊಂಡ. ಮಗ ಯೂ ಮಾತ್ರ ಬೇರೆ ದಾರಿ ಹಿಡಿದ. ನೀರನ್ನು ಕಟ್ಟುವುದರ ಬದಲು ಕಾಲುವೆ ತೋಡಿ, ಹೂಳು ತೆಗೆದು, ಸಮುದ್ರಕ್ಕೆ ಹೋಗಲು ದಾರಿ ಮಾಡಿಕೊಟ್ಟ. ಗೆದ್ದ. ಚೀನಾದ ಮೊದಲ ರಾಜವಂಶ ಎನ್ನುವ ಶಿಯಾ ವಂಶಕ್ಕೆ ಅವನೇ ಮೂಲಪುರುಷ.

ಇದು ಬರೀ ಅಜ್ಜಿಕಥೆ ಅಂತ ಬಹಳ ಜನ ತಳ್ಳಿಹಾಕಿದ್ದರು. 2016ರಲ್ಲಿ ಕೆಲವು ಭೂವಿಜ್ಞಾನಿಗಳು ಹಳದಿ ನದಿಯ ಜೀಶೀ ಕಮರಿಯಲ್ಲಿ ಪುರಾವೆ ಸಿಕ್ಕಿತು ಅಂದರು. ಗುಡ್ಡ ಕುಸಿದು ನದಿಗೆ ಅಡ್ಡಲಾಗಿ, ಆ ಒಡ್ಡು ಒಡೆದು, ಕ್ರಿಸ್ತಪೂರ್ವ 1920ರ ಸುಮಾರಿಗೆ ಭಾರಿ ಪ್ರವಾಹ ಬಂದಿತ್ತು ಎನ್ನುವುದು ಅವರ ವಾದ. ಎರ್ಲಿಟೌ ಎಂಬಲ್ಲಿ ಉತ್ಖನನದಲ್ಲಿ ಸಿಕ್ಕ ಅರಮನೆ, ಕಂಚಿನ ಪಾತ್ರೆಗಳ ನಗರ ತಲೆಯೆತ್ತಿದ್ದೂ ಹೆಚ್ಚುಕಡಿಮೆ ಅದರ ನಂತರವೇ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಪ್ರವಾಹ ಆಗಿದ್ದರೂ ಅದೇ ಯೂನ ಪ್ರವಾಹ ಅಂತ ಹೇಗೆ ಹೇಳುತ್ತೀರಿ ಅಂತ ಕೇಳಿದರು. ಸರಿಯಾದ ಪ್ರಶ್ನೆಯೇ.

ನಮ್ಮಲ್ಲಿಯೂ 'ನದಿಯೇ ನಾಗರಿಕತೆಯ ತೊಟ್ಟಿಲು' ಎನ್ನುವ ಪಾಠಪುಸ್ತಕದ ಮಾತು ಅರ್ಧ ಮಾತ್ರ ನಿಜ. ಬಳ್ಳಾರಿಯ ಸಂಗನಕಲ್ಲು, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಂಥ ಕಡೆ ನಮ್ಮ ನವಶಿಲಾಯುಗದ ಜನ ನೆಲೆಸಿದ್ದು ದೊಡ್ಡ ಹೊಳೆಯ ದಂಡೆಯಲ್ಲಲ್ಲ, ಕಲ್ಲುಗುಡ್ಡಗಳ ಮೇಲೆ, ಅವುಗಳ ಬುಡದಲ್ಲಿ. ಹುರುಳಿ, ಹೆಸರು ಬೆಳೆದರು. ದನ ಸಾಕಿದರು. ಅವರು ಸುಟ್ಟ ಸಗಣಿಯ ಬೂದಿದಿಬ್ಬಗಳು ಸಾವಿರಾರು ವರ್ಷಗಳ ನಂತರವೂ ಹಾಗೇ ಇವೆ. ಹೊಳೆಯಷ್ಟೇ ಅಲ್ಲ, ಬಿದ್ದ ಮಳೆಯನ್ನು ಹಿಡಿದಿಡುವ ಬುದ್ಧಿಯೂ ನಾಗರಿಕತೆಯೇ.

ಆ ಬುದ್ಧಿಯನ್ನು ಕಣ್ಣಾರೆ ನೋಡಬೇಕಾದರೆ ನನಗೆ ಇಲ್ಲಿಂದ ಬಹಳ ದೂರವೇನೂ ಹೋಗಬೇಕಿಲ್ಲ. ಬೊರಿವಲಿ ಕಡೆಯ ಕಾಡಿನಲ್ಲಿ ಕಾನ್ಹೇರಿ ಗುಹೆಗಳಿವೆ, ನೂರಕ್ಕೂ ಹೆಚ್ಚು. ಬೌದ್ಧ ಭಿಕ್ಷುಗಳು ಬಂಡೆಯಲ್ಲೇ ಸಣ್ಣ ಕಾಲುವೆ ಕೊರೆದು ಮಳೆನೀರನ್ನು ತೊಟ್ಟಿಗಳಿಗೆ ತಿರುಗಿಸಿದ್ದಾರೆ. ಅಲ್ಲಿಯ 9ನೆಯ ಶತಮಾನದ ಶಾಸನಗಳಲ್ಲಿ ನಮ್ಮ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಹೆಸರಿದೆ. ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ಅದೇ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಕನ್ನಡ ನಾಡನ್ನು ಗುರುತಿಸಿದ್ದು ಕಾವೇರಿ, ಗೋದಾವರಿ ಎಂಬ ಎರಡು ಹೊಳೆಗಳಿಂದ. ಕೋಟೆಗಳಿಂದಲ್ಲ, ರಾಜಧಾನಿಯಿಂದಲೂ ಅಲ್ಲ. ನಾವು ಯಾರು ಅಂತ ಹೇಳಿಕೊಳ್ಳುವುದಕ್ಕೆ ನಮಗೆ ಹೊಳೆಗಳೇ ಬೇಕಾದವು ನೋಡಿ.

ಈಗ 2005ರ ಜುಲೈ 26ಕ್ಕೆ ಬರೋಣ. ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ. ಮಿಠಿ ನದಿ ಉಕ್ಕಿತು, ನಮ್ಮ ಓಶಿವರಾ ಕೂಡ ಉಕ್ಕಿತು. ಮಹಾರಾಷ್ಟ್ರದಲ್ಲಿ ಸಾವಿರ ಜನ ಸತ್ತರು. ಮೂರನೆಯ ದಿನ ಫೋನ್ ಸಿಕ್ಕಿದಾಗ ಊರಿನಿಂದ ಅಪ್ಪ ಕೇಳಿದ್ದು, "ಅಲ್ಲಿ ಬಂದದ್ದು ಯಾವ ಹೊಳೆ ಮಾರಾಯಾ?"

"ಹೊಳೆ ಅಲ್ಲ ಅಪ್ಪ, ನಾಲಾ."

"ನಾಲಾ ಆದರೆ ಅಷ್ಟು ನೀರು ಎಲ್ಲಿಂದ ಬಂತು?"

ಚರಿತ್ರೆಯ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಅದು. ಈ ಮಹಾನಗರ ಬೆಳೆದದ್ದೇ ಗುನ್‌ನ ದಾರಿಯಲ್ಲಿ. ಏಳು ದ್ವೀಪಗಳ ನಡುವಿನ ಸಮುದ್ರಕ್ಕೆ ಮಣ್ಣು ತುಂಬಿದರು, ಆಮೇಲೆ ಉಪನಗರಗಳ ಖಾರಿ, ಗದ್ದೆಗಳಿಗೂ ತುಂಬಿದರು. ಮಿಠಿಯ ದಂಡೆಯನ್ನೇ ಒತ್ತಿ ಒತ್ತಿ ಕಿರಿದು ಮಾಡಿದರು. ನೆಲ ಬೆಳೆಯಿತು, ನೀರಿನ ದಾರಿ ಹೋಯಿತು. ಆ ನೆಲದ ಮೇಲಿನ ಚಾಳುಗಳಲ್ಲಿ, ಬಿಲ್ಡಿಂಗುಗಳಲ್ಲಿ ಬದುಕು ಕಟ್ಟಿಕೊಂಡವರಲ್ಲಿ ನಾವೂ ಇದ್ದೇವೆ. ಪ್ರವಾಹದ ನಂತರ, ಅದೇ ವರ್ಷ, ಮಿಠಿಗಾಗಿ ಸರಕಾರ ಒಂದು ಪ್ರಾಧಿಕಾರ ರಚಿಸಿತು. ಅಷ್ಟು ಜೀವ ಹೋದ ಮೇಲೆ ಮಿಠಿ ಎಲ್ಲರ ಬಾಯಲ್ಲಿ ಮತ್ತೆ 'ನದಿ' ಆಯಿತು. ಓಶಿವರಾಕ್ಕೆ ಆ ಮರ್ಯಾದೆಯೂ ಪೂರ್ತಿ ಸಿಕ್ಕಿಲ್ಲ.

ಯೂನ ಕಥೆಯಲ್ಲಿ ಚೀನೀಯರು ಹೆಚ್ಚು ನೆನೆಯುವ ಭಾಗ ಇನ್ನೊಂದಿದೆ. ಮದುವೆಯಾದ ನಾಲ್ಕೇ ದಿನಕ್ಕೆ ಅವನು ಮನೆ ಬಿಟ್ಟ. ಸೀಮಾ ಚಿಯನ್ ಎಂಬ ಇತಿಹಾಸಕಾರ ಹೇಳುವಂತೆ ಹದಿಮೂರು ವರ್ಷ ಹೊರಗೇ ಇದ್ದ. ಮೂರು ಸಲ ಸ್ವಂತ ಮನೆಯ ಬಾಗಿಲ ಮುಂದೆ ಹಾದುಹೋದರೂ ಒಳಗೆ ಹೋಗಲಿಲ್ಲವಂತೆ. ಅವರಿಗೆ ಅದು ಕರ್ತವ್ಯದ ಆದರ್ಶ. ಪರಊರಿನಲ್ಲಿ ದುಡಿಯುವ ನಮಗೆ ಅದು ಬೇರೆ ಥರ ಕೇಳಿಸುತ್ತದೆ. ಮನೆ ಬಿಟ್ಟವನ ಹೆಸರು ಉಳಿದದ್ದು ಬಿಟ್ಟದ್ದಕ್ಕಲ್ಲ, ಹೋದಲ್ಲಿನ ನೀರಿಗೆ ದಾರಿ ಮಾಡಿದ್ದಕ್ಕೆ.

ನಾವು ಮುಂಬಯಿ ಕನ್ನಡಿಗರು ಕಾವೇರಿ ಗಲಾಟೆಯಾದಾಗ ಇಲ್ಲಿಂದಲೇ ಬಿಸಿಯಾಗುತ್ತೇವೆ. ನೇತ್ರಾವತಿ ಬತ್ತಿದರೆ ಸಂಕಟಪಡುತ್ತೇವೆ. ಪಡಬೇಕಾದ್ದೇ. ಆದರೆ ನಮ್ಮ ಮಕ್ಕಳು ಹುಟ್ಟಿದ್ದು ಓಶಿವರಾದ ದಂಡೆಯಲ್ಲಿ. ಅವರಿಗೆ ಊರಿನ ಹೊಳೆಯ ಕಥೆ ಹೇಳುವ ಜೊತೆಗೆ ಈ ನೀರನ್ನೂ ಹೊಳೆ ಅಂತ ಕರೆದು ತೋರಿಸಬೇಕು. ಪಕ್ಕದ ಮನೆಯ ಹುಡುಗನಿಗೆ ನಾನು ತೋರಿಸಿದೆ. "ಹಾಗಾದರೆ ಅಂಕಲ್, ಇದಕ್ಕೆ ಕಸ ಯಾಕೆ ಹಾಕ್ತಾರೆ?" ಅಂದ. ನೀವಾದರೆ ಏನು ಹೇಳುತ್ತಿದ್ದಿರಿ?