ಉಕ್ಕಿನೊಳಗಿನ ನ್ಯಾನೋ: ತಂಗಡಿ ಕಡ್ಡಿಯಿಂದ ಕರ್ಪೂರದವರೆಗೆ

"ನಮ್ಮ ಪೂರ್ವಜರಿಗೆ ನ್ಯಾನೋ ಟೆಕ್ನಾಲಜಿ ಗೊತ್ತಿತ್ತು" ಅನ್ನೋ ವಾಟ್ಸಾಪ್ ಫಾರ್ವರ್ಡ್ ನಿಮಗೂ ಬಂದಿರುತ್ತೆ. ನಮ್ಮ ಆಫೀಸಿನ ಕನ್ನಡ ಗ್ರೂಪಲ್ಲಿ ಅರ್ಧ ಜನ ಹೆಮ್ಮೆಪಟ್ಟರು, ಇನ್ನರ್ಧ ಜನ ನಕ್ಕರು. ಅಸಲಿ ಕಥೆ ಇವೆರಡಕ್ಕಿಂತ ಚೆನ್ನಾಗಿದೆ.

ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಲು ಹೊರಟ. ಉಕ್ಕು ಮಾಡುವವರ ಕೆಲಸ ನೋಡಿ ಬರೆದುಕೊಂಡ: ಮಣ್ಣಿನ ಮೂಸೆಯಲ್ಲಿ ಒಂದು ತುಂಡು ಕಬ್ಬಿಣ, ಜೊತೆಗೆ ತಂಗಡಿ ಗಿಡದ ಕಡ್ಡಿ, ಎರಡು ಹಸಿರೆಲೆ. ಬಾಯಿಗೆ ಮಣ್ಣು ಮೆತ್ತಿ, ಇದ್ದಿಲ ಕುಲುಮೆಯಲ್ಲಿಟ್ಟು ತಿದಿ ಒತ್ತೋದು. ಗಾಳಿಯಾಡದೆ ಬೆಂದ ಕಡ್ಡಿ ಇಂಗಾಲವಾಗಿ ಕಬ್ಬಿಣದೊಳಗೆ ಇಳಿಯುತ್ತೆ. ಬೇಲಿಬದಿಯ ಗಿಡ, ಕಾಸಿನ ಖರ್ಚಿಲ್ಲ.

ಇಂಗ್ಲಿಷರು ಇದನ್ನ 'ವೂಟ್ಜ್' ಅಂದರು. ಅದು ನಮ್ಮ 'ಉಕ್ಕು' ಪದದಿಂದಲೇ ಬಂದಿದ್ದು ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಹೈದರಾಬಾದಿನಲ್ಲಿರೋರಿಗೆ ಒಂದು ಮಾತು: ನಿಜಾಮಾಬಾದ್ ಕಡೆಯ ಕೋನಸಮುದ್ರಂ ಕೂಡ ಇದಕ್ಕೆ ಹೆಸರುವಾಸಿ, ಪರ್ಷಿಯಾದ ವ್ಯಾಪಾರಿಗಳು ಅಲ್ಲಿಗೇ ಬರ್ತಿದ್ದರು. ಡಮಾಸ್ಕಸ್ ಕತ್ತಿಗಳಿಗೆ ಹೋಗ್ತಿದ್ದದ್ದು ಇಂಥ ಉಕ್ಕೇ.

2006ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಪೀಟರ್ ಪೌಫ್ಲರ್ ತಂಡ 17ನೇ ಶತಮಾನದ ಅಂಥ ಒಂದು ಕತ್ತಿಯ ಚೂರನ್ನ ಆಮ್ಲದಲ್ಲಿ ಕರಗಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿತು. ಕಂಡದ್ದು ಕಾರ್ಬನ್ ನ್ಯಾನೋಟ್ಯೂಬ್! ಅದಿರಿನಲ್ಲಿದ್ದ ಬೇರೆ ಲೋಹಗಳ ಸೋಂಕು, ಮೂಸೆಗೆ ಹಾಕಿದ ಕಡ್ಡಿ-ಎಲೆ, ಮತ್ತೆಮತ್ತೆ ಕಾಯಿಸಿ ಬಡಿದದ್ದು ಸೇರಿ ಹೀಗಾಗಿರಬಹುದು ಅನ್ನೋದು ಅವರ ಊಹೆ.

ಹಾಗಾದರೆ ಕಮ್ಮಾರರಿಗೆ ಗೊತ್ತಿತ್ತಾ? ನ್ಯಾನೋಟ್ಯೂಬ್ ಗೊತ್ತಿರಲಿಲ್ಲ. ಯಾವ ಅದಿರು, ಯಾವ ಕಡ್ಡಿ, ಎಷ್ಟು ಹೊತ್ತು ಅನ್ನೋದು ಗೊತ್ತಿತ್ತು. ಆ ವಿದ್ಯೆ ಕೈಯಲ್ಲಿತ್ತು, ಕಾಗದದಲ್ಲಿರಲಿಲ್ಲ. 19ನೇ ಶತಮಾನದಲ್ಲಿ ಅಗ್ಗದ ಕಾರ್ಖಾನೆ ಉಕ್ಕು ಬಂತು, ಕುಲುಮೆ ಆರಿತು. ನಮ್ಮ ಭಾಷೇಲಿ ಹೇಳೋದಾದ್ರೆ, ಡಾಕ್ಯುಮೆಂಟೇಶನ್ ಇಲ್ಲದ ಕೋಡ್, ಬರೆದವರೆಲ್ಲ ಕೆಲಸ ಬಿಟ್ಟು ಹೋದರು. ಆಮೇಲೆ ಅಮೆರಿಕದಲ್ಲಿ ವರ್ಹೋವನ್ ಅನ್ನೋ ಲೋಹಶಾಸ್ತ್ರಜ್ಞ ಮತ್ತು ಪೆಂಡ್ರೇ ಅನ್ನೋ ಕಮ್ಮಾರ ವರ್ಷಗಟ್ಟಲೆ ತಿಣುಕಿ ಅಂಥ ಅಲಗನ್ನ ಮತ್ತೆ ಮಾಡಬೇಕಾಯ್ತು.

ಇದರ ಪಕ್ಕಕ್ಕೆ ಕರ್ಪೂರ ಇಡಿ. ಮುಂಬೈ ಐಐಟಿಯ ಮಹೇಶ್ವರ ಶರೋನ್, ಜಪಾನಿನ ನಗೋಯಾದಲ್ಲಿ ಮುಕುಲ್ ಕುಮಾರ್ ಮತ್ತು ಯೋಶಿನೋರಿ ಆಂಡೋ ಕರ್ಪೂರದ ಹಬೆಯಿಂದ ನ್ಯಾನೋಟ್ಯೂಬ್ ಬೆಳೆಸಿದರು. ಇದೂ ಗಿಡದಿಂದ ಬಂದ ಇಂಗಾಲವೇ. ಆದರೆ ಎಷ್ಟು ಶಾಖ, ಯಾವ ವೇಗವರ್ಧಕ, ಎಲ್ಲ ಬರೆದು ಪ್ರಕಟಿಸಿದರು. ಯಾರು ಬೇಕಾದರೂ ಮಾಡಿ ನೋಡಬಹುದು.

ನಮ್ಮ ಮೂಸೆಯವರ ಹೆಸರು ಒಂದೂ ಉಳಿದಿಲ್ಲ. ಕಡ್ಡಿಯ ತೂಕ ಉಳಿದಿದೆ, ಅದೂ ಕಂಪನಿಯವನು ಬರೆದುಕೊಂಡಿದ್ದರಿಂದ. ನಿಮ್ಮೂರಲ್ಲಿ ಇನ್ನೂ ಕುಲುಮೆ ಉರಿಸೋ ಅಜ್ಜ ಇದ್ದರೆ, ಹಬ್ಬಕ್ಕೆ ಹೋದಾಗ ಪಕ್ಕ ಕೂತು ಕೇಳಿ, ರೆಕಾರ್ಡ್ ಮಾಡಿ, ಅವರ ಹೆಸರನ್ನೂ ಬರೆದಿಡಿ.