ಸವಳು ನೆಲದಲ್ಲಿ ಬದುಕುವ ಹುಲ್ಲು

ಚೈತ್ರ, ವೈಶಾಖದ ಬಿಸಿಲಿನಲ್ಲಿ ಭೀಮಾ ತೀರದ ಹೊಲಗಳ ನಡುವೆ ನಡೆದವರಿಗೆ ಒಂದು ನೋಟ ಪರಿಚಿತ. ಎತ್ತರದ ಹೊಲ ಬಾಯಿಬಿಟ್ಟು ಕರ್ರಗೆ ಬಿರಿದಿರುತ್ತದೆ. ಅದರ ಕೆಳಗಿನ ತಗ್ಗಿನಲ್ಲಿ ಮಾತ್ರ ಯಾರೋ ಹಿಟ್ಟು ಚೆಲ್ಲಿದಂತೆ ಬೆಳ್ಳಗಿನ ಪುಡಿ. ಅಲ್ಲಿ ಜೋಳ ಬರುವುದಿಲ್ಲ, ತೊಗರಿಯಂತೂ ಮೊಳಕೆಯಲ್ಲೇ ಸುಟ್ಟುಹೋಗುತ್ತದೆ. ಆದರೆ ಅದೇ ಬಿಳುಪಿನ ಅಂಚಿಗೆ ಕರಿಕೆ ಹಬ್ಬಿರುತ್ತದೆ. ಗಣಪತಿಗೆ ಏರಿಸುವ ಈ ಗರಿಕೆಯನ್ನು ಒಳ್ಳೆಯ ಹೊಲದಲ್ಲಿ ಕಂಡರೆ ರೈತನಿಗೆ ಎದೆ ಒಡೆಯುತ್ತದೆ. ಆಳು ಹಚ್ಚಿ ಮೊಳದುದ್ದ ಆಳಕ್ಕೆ ಅಗೆಸಿ ಬೇರು ಆಯಿಸುತ್ತಾನೆ. ಕೆಟ್ಟ ಹೊಲದಲ್ಲಿ ದನಕ್ಕೆ ಒಂದು ತುತ್ತು ಮೇವು ಕೊಡುವುದೂ ಅದೇ.

ನಮ್ಮ ಜನ ಈ ನೆಲಕ್ಕೆ ಒಂದೇ ಹೆಸರಿಟ್ಟು ಸುಮ್ಮನಾಗಿಲ್ಲ. ಉಪ್ಪು ಮೇಲೆದ್ದು ಬೆಳ್ಳಗಾದದ್ದು ಸವಳು ಅಥವಾ ಚೌಳು, ನೀರು ನಿಂತು ಜೌಗಾದದ್ದು ಜವಳು, ಒದ್ದೆಯಾದರೆ ಅಂಟಾಗಿ ಒಣಗಿದರೆ ಕಲ್ಲಾಗುವುದು ಕರ್ಲು. ಮಣ್ಣು ವಿಜ್ಞಾನಿಗಳು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಸವಳಿನಲ್ಲಿ ಕ್ಲೋರೈಡ್, ಸಲ್ಫೇಟ್‌ಗಳು ನೀರಿನಲ್ಲಿ ಕರಗಿದ ಸ್ಥಿತಿಯಲ್ಲಿರುತ್ತವೆ. ಕರ್ಲಿನಲ್ಲಿ ಸೋಡಿಯಂ ಜೇಡಿಯ ಕಣಕ್ಕೇ ಅಂಟಿಕೊಂಡುಬಿಡುತ್ತದೆ, ರಸಸಾರ 8.5ನ್ನು ದಾಟುತ್ತದೆ, ಕಣಗಳು ಚದುರಿ ಮಣ್ಣಿನ ಸಂದುಗಳು ಮುಚ್ಚಿಹೋಗುತ್ತವೆ. ನೀರೂ ಇಳಿಯದು, ಗಾಳಿಯೂ ಇಳಿಯದು.

ಆಳಂದ, ಅಫಜಲಪುರ, ಜೇವರ್ಗಿಗಳ ಎರೆಮಣ್ಣು ಬಹುಮಟ್ಟಿಗೆ ದಖ್ಖನ್ನಿನ ಲಾವಾ ಶಿಲೆ ಸವೆದು ಆದದ್ದು. ಜೇವರ್ಗಿಯ ಕಡೆ ಸುಣ್ಣಕಲ್ಲಿನ ಪದರವೂ ಉಂಟು. ಇಲ್ಲಿ ಮಳೆ ಕಡಿಮೆ, ಬಿಸಿಲು ಹೀರುವ ನೀರು ಅದಕ್ಕಿಂತ ಬಹಳ ಹೆಚ್ಚು. ಹೀಗಾಗಿ ಕಲ್ಲು ಕರಗಿ ಬಂದ ಲವಣ ಸಮುದ್ರ ಸೇರದೆ ಮಣ್ಣಿನ ಅಡಿಯಲ್ಲೇ ಉಳಿದಿದೆ. ಒಣ ಬೇಸಾಯದ ಕಾಲದಲ್ಲಿ ಅದು ತನ್ನ ಪಾಡಿಗೆ ಕೆಳಗಿತ್ತು.

ಹಿಂದೆ ಸವಳು ಶಾಪವಷ್ಟೇ ಆಗಿರಲಿಲ್ಲ, ಒಂದು ಕಸುಬೂ ಆಗಿತ್ತು. ಉಪ್ಪಾರರಿಗೆ ಆ ಹೆಸರು ಬಂದದ್ದೇ ಅದರಿಂದ. ಬೇಸಿಗೆಯಲ್ಲಿ ಬಿಳಿ ಮಣ್ಣನ್ನು ಕೆರೆದು ತಂದು, ಗುಡ್ಡೆಯಂತೆ ಕಟ್ಟಿದ ತೊಟ್ಟಿಯಲ್ಲಿ ತುಂಬಿ ನೀರು ಹೊಯ್ಯುವುದು. ಕೆಳಗೆ ತೊಟ್ಟಿಕ್ಕುವ ಉಪ್ಪುನೀರನ್ನು ಬಿಸಿಲಿಗೆ ಒಣಗಿಸಿ ಮಣ್ಣುಪ್ಪು ತೆಗೆಯುವುದು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕಸುಬನ್ನು ಕಂಡು ಬರೆದಿಟ್ಟಿದ್ದಾನೆ. ಅಗಸರು ಬಟ್ಟೆ ಒಗೆಯಲು ಒಯ್ಯುತ್ತಿದ್ದುದೂ ಚೌಳು ಮಣ್ಣನ್ನೇ. ಕಂಪನಿ ಮತ್ತು ಬ್ರಿಟಿಷ್ ಸರ್ಕಾರದ ಉಪ್ಪಿನ ಕಟ್ಟಳೆ, ರೈಲಿನಲ್ಲಿ ಬಂದ ಕಡಲುಪ್ಪು ಎರಡೂ ಸೇರಿ ಮಣ್ಣುಪ್ಪನ್ನು ಮುಗಿಸಿದವು. ಉಪ್ಪಾರರು ಮಣ್ಣು ಕೆಲಸಕ್ಕೆ, ಮನೆ ಕಟ್ಟುವ ಕೆಲಸಕ್ಕೆ ಹೊರಳಿದರು.

ಎರೆಭೂಮಿಗೆ ನೀರು ಹರಿಸಿದರೆ ಏನಾಗುತ್ತದೆ ಎಂಬ ಪಾಠ ದೂರದ ದೇಶದಿಂದ ಬಂದದ್ದಲ್ಲ, ಇದೇ ಭೀಮೆಯ ಮೇಲ್ದಂಡೆಯಿಂದ ಬಂದದ್ದು. ಪುಣೆ ಜಿಲ್ಲೆಯ ನೀರಾ ಭೀಮೆಯ ಉಪನದಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದರ ಎಡದಂಡೆಗೆ ಕಾಲುವೆ ಬಂತು, ಬೆನ್ನಿಗೆ ಕಬ್ಬು ಬಂತು. ಕೆಲವೇ ವರ್ಷಗಳಲ್ಲಿ ಒಳ್ಳೆಯ ಹೊಲಗಳು ಬೆಳ್ಳಗಾಗತೊಡಗಿದವು. ಪುಣೆ ಕೃಷಿ ಕಾಲೇಜಿನ ಹೆರಾಲ್ಡ್ ಮ್ಯಾನ್ ಮತ್ತು ವಿ.ಎ. ತಮ್ಹಾಣೆ 1910ರಲ್ಲಿ ನೀರಾ ಕಣಿವೆಯ ಉಪ್ಪು ನೆಲಗಳ ಮೇಲೆ ಒಂದು ವರದಿಯನ್ನೇ ಹೊರತಂದರು. ತಪ್ಪು ನೀರಿನದಲ್ಲ. ಕೊಟ್ಟ ನೀರು ಬಸಿದುಹೋಗಲು ದಾರಿ ಮಾಡದಿದ್ದುದು, ಅಗತ್ಯಕ್ಕಿಂತ ಹೆಚ್ಚು ಕೊಟ್ಟದ್ದು. ಅಂತರ್ಜಲ ಮೇಲೇರಿತು, ಅಡಿಯ ಉಪ್ಪನ್ನು ಹೊತ್ತು ತಂದಿತು. ನೀರು ಆವಿಯಾಯಿತು, ಉಪ್ಪು ಉಳಿಯಿತು.

ಅಂಥ ನೆಲದಲ್ಲಿ ಹುಲ್ಲು ಹೇಗೆ ಬದುಕುತ್ತದೆ? ಉಪ್ಪು ತಿಂದವ ನೀರು ಕುಡಿಯಲೇಬೇಕು ಎಂಬ ಗಾದೆ ಗಿಡಕ್ಕೂ ಸಲ್ಲುತ್ತದೆ, ಆದರೆ ಅದರ ಕಷ್ಟವೇ ಬೇರೆ. ಮಣ್ಣಿನ ನೀರು ಬೇರಿನ ರಸಕ್ಕಿಂತ ಉಪ್ಪಾಗಿದ್ದರೆ ನೀರು ಒಳಗೆ ಬರುವುದೇ ಇಲ್ಲ. ಕಾಲಡಿ ತೇವವಿದ್ದೂ ಗಿಡ ಬಾಯಾರಿ ಒಣಗುತ್ತದೆ. ಉಪ್ಪು ಸಹಿಸುವ ಹುಲ್ಲು ತನ್ನ ಜೀವಕೋಶದಲ್ಲಿ ಪ್ರೋಲಿನ್, ಗ್ಲೈಸಿನ್ ಬೀಟೇನ್ ಎಂಬ ನಿರಪಾಯದ ವಸ್ತುಗಳನ್ನು ಕೂಡಿಟ್ಟು ಒಳರಸವನ್ನು ಗಟ್ಟಿ ಮಾಡಿಕೊಳ್ಳುತ್ತದೆ. ನೀರು ಮತ್ತೆ ಒಳಗೆ ಹರಿಯುತ್ತದೆ.

ಎರಡನೆಯ ಕಂಟಕ ಸೋಡಿಯಂ. ಅದು ಪೊಟ್ಯಾಷಿಯಂನ ವೇಷ ಹಾಕಿಕೊಂಡು ಬರುವ ಕಳ್ಳ. ಬೇರಿನ ಒಳಪದರದಲ್ಲಿರುವ ಮೇಣದಂಥ ಪಟ್ಟಿ ಅದರ ಬಹುಪಾಲನ್ನು ಬಾಗಿಲಲ್ಲೇ ತಡೆಯುತ್ತದೆ. ನುಸುಳಿ ಬಂದದ್ದನ್ನು ಕೋಶದೊಳಗಿನ ರಸದ ಚೀಲದಲ್ಲಿ ಕೂಡಿಹಾಕುವುದುಂಟು, ಅಥವಾ ಹಳೆಯ ಎಲೆಗೆ ತಳ್ಳಿ ಎಲೆಯನ್ನೇ ಉದುರಿಸುವುದುಂಟು. ಕರಿಕೆ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಎಲೆಯ ಮೇಲೆ ಎರಡೇ ಕೋಶದ ಸಣ್ಣ ರೋಮಗಳಿವೆ, ಅವು ಉಪ್ಪನ್ನು ಹೊರಕ್ಕೆ ಉಗುಳುತ್ತವೆ. ಉಪ್ಪು ನೆಲದಲ್ಲಿ ಬೆಳೆದ ಕರಿಕೆಯ ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿ, ಹರಳು ಕಾಣಬಹುದು. ಮಳೆಯೋ ಇಬ್ಬನಿಯೋ ಅದನ್ನು ತೊಳೆದುಬಿಡುತ್ತದೆ.

ಕರ್ಲು ಮಣ್ಣಿನ ಕಾಟ ಮತ್ತೊಂದು ಬಗೆಯದು. ಅಲ್ಲಿ ಕಬ್ಬಿಣ ಇದ್ದರೂ ಗಿಡದ ಕೈಗೆ ಸಿಗದ ರೂಪದಲ್ಲಿರುತ್ತದೆ, ಎಲೆ ಹಳದಿಯಾಗುತ್ತದೆ. ಹುಲ್ಲಿನ ಕುಲಕ್ಕೆ ಮಾತ್ರ ಗೊತ್ತಿರುವ ಒಂದು ವಿದ್ಯೆ ಇಲ್ಲಿ ಕೆಲಸಕ್ಕೆ ಬರುತ್ತದೆ: ಬೇರಿನಿಂದ ಒಂದು ಆಮ್ಲವನ್ನು ಸುರಿಸಿ, ಕಬ್ಬಿಣವನ್ನು ಹಿಡಿದು, ಆಮ್ಲದ ಸಮೇತ ಒಳಗೆಳೆದುಕೊಳ್ಳುವುದು. ಜಪಾನಿನ ಟಕಾಗಿ 1970ರ ದಶಕದಲ್ಲಿ ಇದನ್ನು ಕಂಡುಹಿಡಿದರು. ತೊಗರಿಗೆ ಈ ವಿದ್ಯೆ ಇಲ್ಲ. ಜೋಳವೂ ಹುಲ್ಲೇ ಅಲ್ಲವೆ ಎಂದು ಕೇಳಬಹುದು. ಹೌದು, ಅದಕ್ಕೇ ಅದು ತೊಗರಿಗಿಂತ ಸ್ವಲ್ಪ ತಾಳುತ್ತದೆ. ಹುಲ್ಲಿನ ಕುಲದಲ್ಲಿ ಉಪ್ಪು ಸಹಿಸುವ ಗುಣ ಎಪ್ಪತ್ತಕ್ಕೂ ಹೆಚ್ಚು ಬಾರಿ ಬೇರೆಬೇರೆಯಾಗಿ ಹುಟ್ಟಿದೆ ಎಂದು 2013ರ ಒಂದು ಅಧ್ಯಯನ ಲೆಕ್ಕ ಹಾಕಿತು.

ಇಷ್ಟೆಲ್ಲಕ್ಕೂ ಶಕ್ತಿ ಬೇಕು. ಆದ್ದರಿಂದ ಸವಳಿನ ಹುಲ್ಲು ನಿಧಾನ ಬೆಳೆಯುತ್ತದೆ, ಕುಳ್ಳಗಿರುತ್ತದೆ.

1969ರಲ್ಲಿ ಹರಿಯಾಣದ ಕರ್ನಾಲಿನಲ್ಲಿ ಕೇಂದ್ರ ಸರ್ಕಾರ ಸವಳು ಮಣ್ಣಿನ ಸಂಶೋಧನಾ ಸಂಸ್ಥೆ ತೆರೆಯಿತು. ಅಲ್ಲಿಯ ಹೆಸರನ್ನೇ ಪಡೆದ ಕರ್ನಾಲ್ ಹುಲ್ಲು ರಸಸಾರ 10 ಇರುವ ನೆಲದಲ್ಲೂ, ನಿಂತ ನೀರಿನಲ್ಲೂ ಬೆಳೆಯುತ್ತದೆ. ಬೇರಿಗೆ ಗಾಳಿ ಇಳಿಸಲು ಅದರ ಒಳಗೇ ಪೊಳ್ಳು ಕೊಳವೆಗಳಿವೆ. ಆ ಬೇರು ಉಸಿರಾಡಿ ಬಿಟ್ಟ ಇಂಗಾಲಾಮ್ಲ ಮಣ್ಣಿನ ಸುಣ್ಣವನ್ನು ಕರಗಿಸುತ್ತದೆ. ಕರಗಿದ ಕ್ಯಾಲ್ಸಿಯಂ ಜೇಡಿಗೆ ಅಂಟಿದ ಸೋಡಿಯಂ ಅನ್ನು ಹೊರದಬ್ಬುತ್ತದೆ, ನೀರು ಅದನ್ನು ಕೆಳಕ್ಕೆ ಒಯ್ಯುತ್ತದೆ. ಜಿಪ್ಸಂ ಹಾಕಿದರೆ ಆಗುವ ಕೆಲಸವೇ ಇದು, ನಿಧಾನವಾಗಿ, ಕಾಸಿಲ್ಲದೆ. ನಮ್ಮ ಎರೆಮಣ್ಣಿನಲ್ಲಿ ಸುಣ್ಣದ ಹರಳಿಗೆ ಕೊರತೆಯಿಲ್ಲ. ಆದರೆ ಎರೆಯ ಜೇಡಿ ಉತ್ತರದ ಗಂಗಾ ಬಯಲಿನ ಮಣ್ಣಿಗಿಂತ ಬಿಗಿ. ಬಸಿಗಾಲುವೆ ಇಲ್ಲದಿದ್ದರೆ ಹುಲ್ಲಿನ ದುಡಿಮೆ ಅಲ್ಲೇ ನಿಲ್ಲುತ್ತದೆ.

ರಾಜ್ಯದಲ್ಲಿ ಲವಣಪೀಡಿತ ಭೂಮಿ ಸುಮಾರು 1.5 ಲಕ್ಷ ಹೆಕ್ಟೇರ್ ಎಂಬ ಅಂದಾಜಿದೆ, ಹೆಚ್ಚಿನದು ಕರ್ಲು. ತುಂಗಭದ್ರಾ ಕಾಲುವೆಯ ಕೆಳಗೆ ಭತ್ತದ ಆಸೆಗೆ ಎಷ್ಟು ಎರೆಭೂಮಿ ಹೋಯಿತೆಂಬುದನ್ನು ಗಂಗಾವತಿಯ ಕಡೆಯವರು ಬಲ್ಲರು. ಸವಳಿನ ಸಂಶೋಧನಾ ಕೇಂದ್ರವೊಂದು ಅಲ್ಲೇ ಇದೆ. ಈಗ ನಮ್ಮ ಮೂರು ತಾಲೂಕುಗಳ ಸರದಿ. ಜೇವರ್ಗಿಗೆ ನಾರಾಯಣಪುರದ ಕಾಲುವೆ ಬಂದಿದೆ, ಅಫಜಲಪುರದ ಸೊನ್ನದಲ್ಲಿ ಭೀಮೆಗೆ ಬ್ಯಾರೇಜು ಕಟ್ಟಿದೆ, ಆಳಂದಕ್ಕೆ ಕೊರಳ್ಳಿಯ ಅಮರ್ಜಾ ಜಲಾಶಯವಿದೆ. ಜೋಳದ ಹೊಲಗಳಲ್ಲಿ ಕಬ್ಬು ನಿಂತಿದೆ. ನೀರಿಗಾಗಿ ತಲೆತಲಾಂತರ ಕಾದ ರೈತನಿಗೆ ನೀರು ಕಡಿಮೆ ಹಾಯಿಸು ಎನ್ನಲು ಯಾರಿಗೆ ಬಾಯಿ ಬರುತ್ತದೆ? ಆದರೂ ಅವನು ಮನೆಯಲ್ಲೇ ಮಾಡಿ ನೋಡಬಹುದಾದ ಪರೀಕ್ಷೆ ಒಂದಿದೆ. ತಗ್ಗಿನ ಹೊಲದ ಒಣ ಹೆಂಟೆಯೊಂದನ್ನು ಗಾಜಿನ ಲೋಟದ ಮಳೆನೀರಿನಲ್ಲಿ ಮೆಲ್ಲನೆ ಬಿಟ್ಟು, ಕಲಕದೆ ರಾತ್ರಿಯಿಡೀ ಇಡಬೇಕು. ಬೆಳಿಗ್ಗೆ ನೀರು ತಿಳಿಯಾಗಿದ್ದರೆ ಸರಿ. ಹಾಲಿನಂತೆ ಕದಡಿಕೊಂಡೇ ಇದ್ದರೆ ಜೇಡಿಗೆ ಸೋಡಿಯಂ ಹತ್ತಿದೆ ಎಂದು ಅರ್ಥ. ಆ ಮಣ್ಣನ್ನು ಪ್ರಯೋಗಶಾಲೆಗೆ ಕಳಿಸಬೇಕು, ಬದುವಿನಾಚೆ ಬಸಿಗಾಲುವೆ ತೋಡುವ ಮಾತನ್ನು ಪಕ್ಕದ ಹೊಲದವನೊಂದಿಗೆ ಎತ್ತಬೇಕು.