ಅಂಗೈಯ ಏಕಾಂತ: ಕಲ್ಯಾಣದ ಶಿವಯೋಗದಲ್ಲಿ ಚಿತ್ತಶಾಂತಿಯ ಸ್ವರೂಪ

ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರಿನಂತಹ ಊರುಗಳಲ್ಲಿ, ಸ್ನಾನಾನಂತರ ಹಣೆಗೆ ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿಕೊಂಡು ಪೂಜಿಸಿದ ಹೊರತು ಉಣ್ಣದ ಹಿರಿಯರ ನಿತ್ಯಕ್ರಮವನ್ನು ನಾವು ಆಚಾರವೆಂದು ಕರೆದು ಸುಮ್ಮನಾಗುತ್ತೇವೆ. ಆ ಕ್ರಮದೊಳಗೆ ಚಂಚಲಚಿತ್ತವನ್ನು ನಿಲ್ಲಿಸುವ ಶಾಸ್ತ್ರವೊಂದು ಅಡಗಿದೆಯೆಂದು ವಿಚಾರಿಸಿದವರು ವಿರಳ. ಧ್ಯಾನವೆಂದೊಡನೆ ಹಿಮಾಲಯದ ಗುಹೆಯನ್ನು ನೆನೆವ ಇಂದಿನ ವಿದ್ಯಾವಂತನಿಗೆ, 12ನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಆಚರಿಸಿದ ಶಿವಯೋಗವು ಹತ್ತಿರದಲ್ಲಿದ್ದೂ ದೂರವಾಗಿದೆ.

ಅದರ ವಿಧಾನ ಸರಳವಾದುದು. ಲಿಂಗದ ಕಪ್ಪು ಕವಚವು ನುಣುಪಾಗಿರುವುದರಿಂದ ದೀಪದ ಬೆಳಕು ಅದರ ಮೇಲೆ ಬಿಂದುವಾಗಿ ಹೊಳೆಯುತ್ತದೆ. ಅಂಗೈಯನ್ನು ಕಣ್ಣಿನ ನೇರಕ್ಕೆ ಎತ್ತಿ, ಆ ಬಿಂದುವಿನಲ್ಲಿ ನೋಟವನ್ನು ನೆಟ್ಟು, ಉಸಿರು ತಾನಾಗಿ ನಿಧಾನಿಸುವವರೆಗೆ ಸಾಧಕನು ಕುಳಿತಿರುತ್ತಾನೆ. ಹಠಯೋಗಪ್ರದೀಪಿಕೆಯು ಷಟ್ಕರ್ಮಗಳಲ್ಲಿ ಒಂದಾಗಿ ಹೇಳುವ ತ್ರಾಟಕವು ಇದಕ್ಕೆ ಸಮೀಪವಾದುದಾದರೂ, ಅಲ್ಲಿ ಅದು ಮುಖ್ಯವಾಗಿ ದೇಹಶೋಧನೆಯ ಕ್ರಿಯೆ. ಇಲ್ಲಿಯಾದರೋ ನೋಡುವವನಿಗೂ ನೋಟದ ವಸ್ತುವಿಗೂ ಇರುವ ಭೇದವೇ ಕರಗಬೇಕೆಂಬುದು ಗುರಿ. ಉಸಿರು ನಿಧಾನವಾದಂತೆ ಹೃದಯದ ಬಡಿತವೂ ತಗ್ಗುವುದು ಶರೀರಶಾಸ್ತ್ರಕ್ಕೆ ಪರಿಚಿತವಾದ ಸಂಗತಿ. ಆದರೆ ನನ್ನ ಮನಸ್ಸನ್ನು ಹೆಚ್ಚು ಸೆಳೆಯುವುದು ಮತ್ತೊಂದು ಅಂಶ: ಗುಡಿಯ ಹೊಸ್ತಿಲನ್ನು ದಾಟಗೊಡದೆ ಹೊರಗಿಟ್ಟವರ ಅಂಗೈಯಲ್ಲಿಯೂ, ಸ್ತ್ರೀಯರ ಅಂಗೈಯಲ್ಲಿಯೂ ಈ ಏಕಾಂತವು ಸ್ವಂತದ ಸೊತ್ತಾಯಿತು.

ದುಃಖಿತನಾದ ಮನುಷ್ಯನಿಗೆ ಈ ನೋಟವು ಏನನ್ನು ಮಾಡೀತೆಂಬುದಕ್ಕೆ ಹರಿಹರನ ಪ್ರಭುದೇವರ ರಗಳೆಯೇ ಸಾಕ್ಷಿ. ಮಡದಿ ಕಾಮಲತೆ ಜ್ವರದಿಂದ ತೀರಿಕೊಳ್ಳಲು, ಅಲ್ಲಮನು ಮರುಳನಂತೆ ಅಲೆದು, ಒಂದು ತೋಟದಲ್ಲಿ ಕುಳಿತು ಕಾಲುಗುರಿನಿಂದ ನೆಲವನ್ನು ಕೆರೆಯುತ್ತಿರುವಾಗ ಚಿನ್ನದ ಕಳಸವು ಕಾಣುತ್ತದೆ. ಅಗೆಸಿ ನೋಡಿದರೆ ಹೂತುಹೋದ ದೇಗುಲ, ಒಳಗೆ ಅಂಗೈಯ ಲಿಂಗದಲ್ಲಿ ಕಣ್ಣು ನೆಟ್ಟು ಕುಳಿತ ಅನಿಮಿಷಯ್ಯ. ಆತನ ಕೈಯಿಂದ ಅಲ್ಲಮನ ಕೈಗೆ ಲಿಂಗವು ಬರುತ್ತದೆ. ಶೋಕವನ್ನು ಮರೆಯಬೇಕೆಂದು ಅಲ್ಲಮನಿಗೆ ಯಾರೂ ಬೋಧಿಸಲಿಲ್ಲ. ಅಗಲಿದವಳನ್ನು ಅರಸುತ್ತಿದ್ದ ಕಣ್ಣಿಗೆ ನಿಲ್ಲಲೊಂದು ನೆಲೆ ದೊರಕಿತು, ಅಷ್ಟೆ. ಶೋಕದಿಂದ ನೆಲ ಕೆರೆಯುವ ಆ ಕಾಲುಗುರಿನ ಚಿತ್ರವನ್ನು ಓದಿದಾಗಲೆಲ್ಲ, ಹರಿಹರನು ಮನೋವ್ಯಥೆಯನ್ನು ಎಷ್ಟು ಹತ್ತಿರದಿಂದ ಬಲ್ಲವನಾಗಿದ್ದನೆಂದು ನನಗೆ ವಿಸ್ಮಯವಾಗುತ್ತದೆ.

 

ಇಂದು ಧ್ಯಾನವನ್ನು ವೈಯಕ್ತಿಕ ಸ್ವಾಸ್ಥ್ಯದ ಸಾಧನವನ್ನಾಗಿ ಬಳಸುವುದನ್ನು ನಾನು ಅಲ್ಲಗಳೆಯಲಾರೆನು. ನಿದ್ರೆಗೆಟ್ಟವನಿಗೆ, ಸಾಲದ ಚಿಂತೆಯಲ್ಲಿರುವ ತೊಗರಿಯ ರೈತನಿಗೆ ಮುಹೂರ್ತಕಾಲದ ನೆಮ್ಮದಿಯೂ ಸಣ್ಣದಲ್ಲ. ಆದರೆ ಗಾಢವಾದ ವಿಷಾದರೋಗದಿಂದ ಪೀಡಿತನಾದವನನ್ನು ವೈದ್ಯನಿಂದ ದೂರವಿರಿಸಿ ಧ್ಯಾನಕ್ಕೆ ಕೂರಿಸುವುದು ಅನ್ಯಾಯ. ಅಲ್ಲದೆ ನೆಮ್ಮದಿಯನ್ನೇ ಕೊನೆಯ ಫಲವೆಂದು ಬಗೆದರೆ ಕಲ್ಯಾಣದ ಸಾಧನೆಯ ಅರ್ಧವು ಕೈತಪ್ಪುತ್ತದೆ. ಶರಣರು ಲಿಂಗದ ಜೊತೆಯಲ್ಲಿಯೇ ಕಾಯಕವನ್ನೂ ದಾಸೋಹವನ್ನೂ ಇರಿಸಿದರು. ಪೂಜೆಯಲ್ಲಿ ನಿಂತ ಚಿತ್ತವು ದುಡಿಮೆಯಲ್ಲಿ ಕದಲದಿರುವುದೇ ಅದರ ಪರೀಕ್ಷೆಯಾಗಿದ್ದಿತು.

ಬಸವಕಲ್ಯಾಣದಲ್ಲಿ ನುಲಿಯ ಚಂದಯ್ಯನ ಹೆಸರಿನಲ್ಲೊಂದು ಗವಿಯುಂಟು. ಹುಲ್ಲು ಕೊಯ್ದು ಹಗ್ಗ ಹೊಸೆದು ಜಂಗಮದಾಸೋಹ ನಡೆಸುತ್ತಿದ್ದ ಈ ಶರಣನ ಪ್ರಸಂಗವು ಗೂಳೂರ ಸಿದ್ಧವೀರಣ್ಣೊಡೆಯನ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿಬಿದ್ದರೂ ಚಂದಯ್ಯನು ಅದನ್ನೆತ್ತಿಕೊಳ್ಳದೆ ಕಾಯಕವನ್ನು ಮುಂದುವರಿಸುತ್ತಾನೆ. ಲಿಂಗವೇ ಆತನ ಬೆನ್ನುಹತ್ತಿ ಬೇಡಿಕೊಳ್ಳುತ್ತದೆ, ಮಡಿವಾಳ ಮಾಚಯ್ಯನು ನಡುವೆ ಬಂದು ಚಂದಯ್ಯನಿಗೂ ಲಿಂಗಕ್ಕೂ ಸಂಧಾನ ಮಾಡಿಸಬೇಕಾಗುತ್ತದೆ. ಇದನ್ನು ಲಿಂಗದ ಉಪೇಕ್ಷೆಯೆಂದು ಓದುವವರೊಡನೆ ನನಗೆ ಸಮ್ಮತಿಯಿಲ್ಲ. ನೋಟವು ಪಕ್ವವಾದವನಿಗೆ ಕುಡುಗೋಲು ಹಿಡಿದ ಕೈಯೂ ಲಿಂಗ ಹಿಡಿದ ಕೈಯೂ ಒಂದೇ ಆಗಿದ್ದುದರಿಂದ, ಬಿದ್ದುದನ್ನು ಎತ್ತಿಕೊಳ್ಳುವ ಆತುರ ಆತನಲ್ಲಿ ಉಳಿದಿರಲಿಲ್ಲವೆಂದೇ ನನ್ನ ಭಾವನೆ. ಜಂಗಮರು ಉಣ್ಣುವ ಹೊತ್ತಿಗೆ ಹುಲ್ಲಿನ್ನೂ ಹಗ್ಗವಾಗಬೇಕಾಗಿದ್ದಿತು.